ತೋಟಗಾರರೆಂದರೆ ಯಾರು?

ಹಿಂದಿನ ಕಾಲದಲ್ಲಿ ಹಲಸೂರು ಕೆರೆಯ ಏರಿಯ ಮೇಲೆ ನಿಂತು ದಾರಿಹೋಕನೊಬ್ಬನನ್ನು ‘ಇಲ್ಲಿ ತೋಟಗಾರರು ಯಾರಪ್ಪಾ?’ ಎಂದು ಕೇಳಿದ್ದರೆ, ಅವನು ತಿಗಳರ ಕೇರಿಯ ಕಡೆಗೆ ಕೈ ತೋರುತ್ತಿದ್ದನು. ಬಾವಿಯ ನೀರನ್ನು ಸೇದಿ ಪಾತಿಗೆ ಹಾಯಿಸಿ, ಸೊಪ್ಪು ತರಕಾರಿಗಳನ್ನು ತನ್ನ ಕೈಯಿಂದಲೇ ಬೆಳೆದು, ನಸುಕಿನಲ್ಲಿ ಕುಕ್ಕೆ ಹೊತ್ತು ಪೇಟೆಗೆ ಬರುತ್ತಿದ್ದವನೇ ಬೆಂಗಳೂರಿಗರ ಕಣ್ಣಿಗೆ ತೋಟಗಾರನು. ಅಲ್ಲಿಂದ ಒಂದು ಮೈಲಿ ನಡೆದು, ಆಗ್ಗೆ ಸೌತ್ ಪೆರೇಡ್ ಎನಿಸಿಕೊಂಡಿದ್ದ ಇಂದಿನ ಮಹಾತ್ಮಾ ಗಾಂಧಿ ರಸ್ತೆಯ ಅಂಗಡಿಯವನನ್ನು ಅದೇ ಪ್ರಶ್ನೆ ಕೇಳಿದ್ದರೆ ಉತ್ತರವು ಬೇರೆಯೇ ಆಗುತ್ತಿತ್ತು. ಮಲೆನಾಡಿನಿಂದ ಸಾಮಾನು ಕೊಳ್ಳಲು ದಂಡಿಗೆ ಇಳಿದು ಬರುತ್ತಿದ್ದ ಬಿಳಿಯ ದೊರೆಯು ಆ ಅಂಗಡಿಯವನ ಮಟ್ಟಿಗೆ ‘ಪ್ಲಾಂಟರ್’. ಒಬ್ಬನ ಕೈಗೆ ಮಣ್ಣು ಅಂಟಿತ್ತು. ಇನ್ನೊಬ್ಬನ ಹೆಸರಿಗೆ ಮಣ್ಣು ಅಂಟಿತ್ತು. ನಮ್ಮ ಭಾಷೆಯು ಈ ಇಬ್ಬರಿಗೂ ಒಂದೇ ಶಬ್ದವನ್ನು ಕೊಟ್ಟುಬಿಟ್ಟಿತು. ಆ ಔದಾರ್ಯದಿಂದ ಹುಟ್ಟಿದ ಗೊಂದಲವು ಇಂದಿಗೂ ನಮ್ಮ ಕಾನೂನಿನ ಪುಸ್ತಕಗಳಲ್ಲಿ ಉಳಿದಿದೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಕಾಫಿ, ಏಲಕ್ಕಿ, ಮೆಣಸು ಮೊದಲಾದವುಗಳನ್ನು ಬೆಳೆಯುವವರು ಒತ್ತುವರಿ ಮಾಡಿಕೊಂಡಿರುವ ಸರಕಾರದ ಜಮೀನನ್ನು, 25 ಎಕರೆಗೆ ಮೀರದಂತೆ, 30 ವರ್ಷಗಳವರೆಗೆ ಅವರಿಗೇ ಗುತ್ತಿಗೆ ಕೊಡಬಹುದೆಂದು ನಮ್ಮ ಶಾಸನಸಭೆಯು 2022ರಲ್ಲಿ ಭೂಕಂದಾಯ ಕಾಯ್ದೆಯನ್ನು ತಿದ್ದಿತು. ಅಂದಿನಿಂದ ಮಲೆನಾಡಿನ ತಾಲ್ಲೂಕು ಕಛೇರಿಗಳ ಮುಂದೆ ಈ ಕುರಿತು ವಾದವು ನಡೆದೇ ಇದೆ. ಅದರ ಪರವಾಗಿ ಆಡುವವರು ‘ತೋಟಗಾರನು ನಾಡಿಗೆ ಹಣ ತಂದವನು’ ಎನ್ನುತ್ತಾರೆ. ವಿರೋಧಿಸುವವರು ‘ಕಾಡನ್ನು ನುಂಗಿದವನು’ ಎನ್ನುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಈ ತೋಟಗಾರನು ನಮ್ಮ ನಾಡಿನಲ್ಲಿ ಯಾವಾಗ, ಯಾರ ಆಶ್ರಯದಿಂದ, ಯಾವ ಕಾಯ್ದೆಯ ಬಲದಿಂದ ತಲೆಯೆತ್ತಿದನೆಂಬುದನ್ನು ವಿಚಾರಿಸದೆ ತೀರ್ಮಾನಕ್ಕೆ ಬರುವುದು ದಾವೆಯ ಕಾಗದಗಳನ್ನು ಓದದೆ ತೀರ್ಪು ಬರೆದಂತಾದೀತು.

ಕಾಫಿಯ ಬೀಜವನ್ನು ಬಿಳಿಯನು ತಂದವನಲ್ಲ. ಬಾಬಾ ಬುಡನ್ ಎಂಬ ಫಕೀರರು ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು 17ನೆಯ ಶತಮಾನದ ಐತಿಹ್ಯ. ಆ ಬೆಟ್ಟಕ್ಕೆ ಅವರ ಹೆಸರೇ ನಿಂತಿದೆ. ತರುವಾಯ ಸುಮಾರು ಎರಡು ನೂರು ವರ್ಷ ಚಿಕ್ಕಮಗಳೂರಿನ ಸುತ್ತಲಿನ ಗೌಡರೂ, ಕೊಡಗಿನಲ್ಲಿ ಕೆಲ ಮಾಪಿಳ್ಳೆಗಳೂ ಮನೆಯ ಹಿತ್ತಲಲ್ಲಿ, ಕಾಡಿನ ಅಂಚಿನಲ್ಲಿ ಹತ್ತು ಹಲವು ಗಿಡಗಳನ್ನು ಇಟ್ಟುಕೊಂಡಿದ್ದರು. ಆಗ ಕಾಫಿಯಿತ್ತು, ಪ್ಲಾಂಟರು ಇರಲಿಲ್ಲ. 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಚಿಕ್ಕಮಗಳೂರಿನ ಬಳಿ ತೋಟ ಹಾಕಿದನು. 1831ರಲ್ಲಿ ಮೈಸೂರಿನ ಆಡಳಿತವನ್ನು ಮಹಾರಾಜರಿಂದ ಕಿತ್ತುಕೊಂಡ ಕಂಪನಿ ಸರಕಾರವು ಅದನ್ನು ಕಮಿಷನರುಗಳ ಕೈಗೆ ಒಪ್ಪಿಸಿತು. ಮುಂದಿನ 50 ವರ್ಷಗಳಲ್ಲಿ, ವಿಶೇಷವಾಗಿ 1834ರಿಂದ 1861ರ ವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ, ಮಲೆನಾಡಿನ ಇಳಿಜಾರುಗಳು ಒಂದೊಂದಾಗಿ ಸೀಮೆಯ ದೊರೆಗಳ ಪಾಲಾದುವು. 1856ರಲ್ಲಿ ಹದಿನೆಂಟರ ಹರೆಯದ ಎಲಿಯಟ್ಟನು ಮೈಸೂರಿಗೆ ಬಂದು ಮಂಜರಾಬಾದಿನಲ್ಲಿ ತೋಟ ಮಾಡಿದನು. ಆತನು ಬರೆದಿಟ್ಟ ಎರಡು ಗ್ರಂಥಗಳು ಆ ಕಾಲದ ತೋಟಗಾರರ ಮನಸ್ಸನ್ನು ತಿಳಿಯಲು ಇಂದಿಗೂ ಒಳ್ಳೆಯ ಸಾಧನಗಳು. ಕೊಡಗಿನ ಕಥೆಯೂ ಇದೇ. ಚಿಕವೀರರಾಜನನ್ನು ಗದ್ದುಗೆಯಿಂದ ಇಳಿಸಿದ್ದು 1834ರಲ್ಲಿ. ಮಡಿಕೇರಿಯ ಬಳಿ ಫೌಲರನ ತೋಟವು ಆರಂಭವಾದುದು 1854ರಲ್ಲಿ. ಮೊದಲು ದಂಡು, ಹಿಂದಿನಿಂದ ಕಮಿಷನರು, ಅವನ ಹಿಂದೆ ಪ್ಲಾಂಟರು — ಈ ಕ್ರಮವು ಎಲ್ಲಿಯೂ ತಪ್ಪಲಿಲ್ಲ.

ಇನ್ನು ಭೂಮಿಯ ಮಾತು. ಘಟ್ಟದ ಬಡವರು ಅನಾದಿಯಿಂದ ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬಿತ್ತಿ, ಬಳಿಕ ಅದನ್ನು ಕಾಡಿಗೇ ಬಿಟ್ಟು ಮುಂದೆ ಹೋಗುತ್ತಿದ್ದರು. ಇದಕ್ಕೆ ಕುಮರಿ ಬೇಸಾಯವೆಂದು ಹೆಸರು. 1860ರ ಸುಮಾರಿನಿಂದ ಅರಣ್ಯ ಇಲಾಖೆಯವರು ಇದನ್ನು ಮಹಾ ವಿನಾಶವೆಂದು ಸಾರಿ ಬಿಗಿಯಾಗಿ ನಿರ್ಬಂಧಿಸಿದರು. ಅದೇ ಕಾಲದಲ್ಲಿ, ಅದೇ ಬೆಟ್ಟಗಳ ಮೇಲೆ, ದೊರೆಗಳಿಗೆ ನೂರಾರು ಎಕರೆ ಕಾಡು ಮಂಜೂರಾಗುತ್ತಿತ್ತು. ಬಡವನು ಹಚ್ಚಿದ ಬೆಂಕಿಗೆ ವಿನಾಶವೆಂದೂ ದೊರೆಯು ಹಚ್ಚಿಸಿದ ಬೆಂಕಿಗೆ ಅಭಿವೃದ್ಧಿಯೆಂದೂ ಸರಕಾರದ ಕಡತಗಳಲ್ಲಿ ನಾಮಕರಣವಾಯಿತು! ಆದರೂ ನ್ಯಾಯಕ್ಕಾಗಿ ಒಂದು ಮಾತು ಹೇಳಲೇಬೇಕು. ಸಿಂಹಳದವರು ಬೆಟ್ಟಗಳನ್ನು ಬೋಳಿಸಿ ಕಾಫಿ ನೆಟ್ಟರು. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಕೆಲವೇ ವರ್ಷಗಳಲ್ಲಿ ಅವರ ಕಾಫಿಯನ್ನು ನಿರ್ಮೂಲ ಮಾಡಿ ಅವರನ್ನು ಚಹದ ಕಡೆಗೆ ಓಡಿಸಿತು. ನಮ್ಮವರಿಗೂ 1860ರ ದಶಕದಲ್ಲಿ ಕಾಂಡ ಕೊರೆಯುವ ಹುಳುವಿನಿಂದ ಪೆಟ್ಟು ಬಿದ್ದಿತು. ಬಿಸಿಲು ಹೆಚ್ಚಿದಲ್ಲಿ ಆ ಹುಳುವೂ ಹೆಚ್ಚೆಂಬುದನ್ನು ಕಂಡುಕೊಂಡ ಮೈಸೂರು ಕೊಡಗುಗಳ ಬೆಳೆಗಾರರು ಅತ್ತಿ, ಬಸರಿ, ಹಾಲುವಾಣಗಳ ನೆರಳಿನಲ್ಲಿ ಕಾಫಿ ಬೆಳೆಯುವುದನ್ನೇ ಗಟ್ಟಿಮಾಡಿಕೊಂಡರು. ಇಂದು ಕೊಡಗಿನ ತೋಟದೊಳಗೆ ನಿಂತರೆ ಕಾಡಿನೊಳಗೆ ನಿಂತಂತೆ ತೋರುವುದು ಈ ಪಾಠದ ಫಲ.

ಆದರೆ ಕಾಡಿಗಿಂತಲೂ ಮುಖ್ಯವಾದುದು ಆಳಿನ ಪ್ರಶ್ನೆ. ಜಮೀನು ಪುಕ್ಕಟೆಯಂತೆ ಸಿಕ್ಕಿತು. ಮಳೆ ದೇವರು ಕೊಟ್ಟದ್ದು. ಕೈಗಳು ಎಲ್ಲಿಂದ ಬರಬೇಕು? ಮೇಸ್ತ್ರಿಯೆಂಬ ಮಧ್ಯಸ್ಥನು ಹುಟ್ಟಿಕೊಂಡುದು ಇಲ್ಲಿಯೇ. ಅವನು ದೊರೆಯಿಂದ ಮುಂಗಡ ಪಡೆದು, ತುಳುನಾಡಿನ ಬೇಸಾಯ ಮುಗಿದ ಹೊತ್ತಿಗೆ ಅಲ್ಲಿಗಿಳಿದು, ಮೈಸೂರಿನ ಬಯಲುಸೀಮೆಯಲ್ಲಿಯೂ ತಮಿಳು ಜಿಲ್ಲೆಗಳಲ್ಲಿಯೂ ಅಲೆದು, ಸಾಲದಲ್ಲಿ ಮುಳುಗಿದ ಸಂಸಾರಗಳ ಕೈಯಲ್ಲಿ ಹಣವಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದನು. ‘ಘಟ್ಟಕ್ಕೆ ಹೋದ’ ಎಂಬ ಮಾತಿಗೆ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇರುವ ಭಾರವನ್ನು ಆ ಕಡೆಯ ನಮ್ಮ ಓದುಗರು ಬಲ್ಲರು. ಹೋದವರಲ್ಲಿ ಎಷ್ಟೋ ಮಂದಿ ಮಲೆಜ್ವರದಿಂದ ಅಲ್ಲಿಯೇ ಮಣ್ಣಾದರು. ಉಳಿದವರ ಮುಂಗಡವು ತೀರುತ್ತಿರಲಿಲ್ಲ. ಲೆಕ್ಕ ಬರೆಯುವವನು ಮೇಸ್ತ್ರಿ, ಲೆಕ್ಕ ಓದಲು ಬಾರದವನು ಆಳು.

ಅಂಥವನು ಬೇಸತ್ತು ಊರಿಗೆ ಓಡಿಹೋದರೆ? ಇಲ್ಲಿ 1859ರ 13ನೆಯ ಆಕ್ಟು ಪ್ರವೇಶಿಸುತ್ತದೆ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟನ ಮುಂದೆ ಎಳೆತರಬಹುದು. ಹಣ ಹಿಂದಿರುಗಿಸು, ಇಲ್ಲವೆ ದುಡಿ ಎಂದು ಹುಕುಂ ಮಾಡಬಹುದು. ಕೇಳದಿದ್ದರೆ ಸೆರೆಮನೆಗೆ ಕಳುಹಬಹುದು. ವಕೀಲರಾದ ನಮಗೆ ಈ ಆಕ್ಟಿನ ಹೆಸರು ಕೇಳಿದರೆ ಇಂದಿಗೂ ಮೈ ಉರಿಯುತ್ತದೆ. ಕರಾರಿನ ಭಂಗವೆಂಬುದು ಜಗತ್ತಿನಲ್ಲೆಲ್ಲ ಸಿವಿಲ್ ವ್ಯಾಜ್ಯ. ದೊರೆಯು ಕೂಲಿ ಕೊಡದೆ ಕರಾರು ಮುರಿದರೆ ಅದೂ ಸಿವಿಲ್ ವ್ಯಾಜ್ಯವೇ. ಆಳು ಮುರಿದರೆ ಮಾತ್ರ ಅಪರಾಧ! ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯಿಲ್ಲವೆಂದು 1843ರಲ್ಲಿ ಕಾಯ್ದೆ ಮಾಡಿದ ಸರಕಾರವೇ 16 ವರ್ಷಗಳ ಬಳಿಕ ಈ ಹಿಂಬಾಗಿಲನ್ನು ತೆರೆಯಿತು. ಅದನ್ನು ರದ್ದುಮಾಡುವ ಕಾಯ್ದೆಯು ಬಂದುದು 1925ರಲ್ಲಿ. ಅಷ್ಟರೊಳಗೆ ಚಂಪಾರಣ್ಯದ ನೀಲಿ ತೋಟಗಾರರ ದಬ್ಬಾಳಿಕೆಯನ್ನು ಗಾಂಧೀಜಿಯವರು 1917ರಲ್ಲಿ ಬಯಲಿಗೆಳೆದಾಗಿತ್ತು. ದೇಶದ ಜನರು ಪ್ಲಾಂಟರೆಂಬ ಶಬ್ದವನ್ನೇ ಸಂಶಯದಿಂದ ಕಾಣತೊಡಗಿದ್ದರು.

ಹಾಗಾದರೆ ಈ ದೊರೆಗಳು ಬರುವ ಮೊದಲು ಮಲೆನಾಡಿನ ಆಳುಗಳು ಸುಖವಾಗಿದ್ದರೇ? ಇಲ್ಲ. ಅದನ್ನು ಮುಚ್ಚಿಡುವುದು ದೇಶಭಕ್ತಿಯಾಗದು. ಕೊಡಗಿನ ಯರವರೂ ಮಂಜರಾಬಾದಿನ ಹೊಲೆಯರೂ ತಲೆತಲಾಂತರದಿಂದ ನಮ್ಮವರದೇ ಮನೆಗಳ ಜೀತದಲ್ಲಿದ್ದರು. ಅವರಿಗೆ ಭತ್ತವೇ ಕೂಲಿ, ಹೊದೆಯಲು ಕಂಬಳಿಯೇ ಬಕ್ಷೀಸು. ತೋಟಗಳಲ್ಲಿ ರೊಕ್ಕದ ಕೂಲಿ ಸಿಗುವುದೆಂದು ತಿಳಿದಾಗ ಅವರಲ್ಲಿ ಕೆಲವರು ಹಳೆಯ ಒಡೆಯನನ್ನು ಬಿಟ್ಟುಹೋಗಲು ಸಾಧ್ಯವಾಯಿತು. ಒಂದು ಹಗ್ಗವು ಸಡಿಲವಾಯಿತು, ಇನ್ನೊಂದು ಬಿಗಿಯಿತು. ಆದರೂ ನಡುವೆ ಆ ಜನರು ಒಂದು ಹೆಜ್ಜೆ ಮುಂದೆ ಬಂದಿದ್ದರೆಂಬುದನ್ನು ಒಪ್ಪಬೇಕು.

ಇನ್ನು ಕನ್ನಡಿಗರು ನಾಚಿಕೊಳ್ಳತಕ್ಕ ಒಂದು ಸಂಗತಿಯನ್ನು ಹೇಳುತ್ತೇವೆ. 1893ರಲ್ಲಿ ದಕ್ಷಿಣ ಭಾರತದ ತೋಟಗಾರರು ನಮ್ಮ ಇದೇ ಬೆಂಗಳೂರಿನಲ್ಲಿ ಸೇರಿ ‘ಉಪಾಸಿ’ ಎಂಬ ಸಂಯುಕ್ತ ಸಂಘವನ್ನು ಕಟ್ಟಿದರು. ಮೈಸೂರು ಸಂಸ್ಥಾನ, ಕೊಡಗು, ನೀಲಗಿರಿ, ವಯನಾಡು, ತಿರುವಾಂಕೂರು — ಹೀಗೆ ಬೇರೆ ಬೇರೆ ಸರಕಾರಗಳ ಕೆಳಗಿದ್ದ ತೋಟಗಳ ಒಡೆಯರಿಗೆ ಆಡಳಿತದ ಗಡಿಗಳು ಅಡ್ಡಿಯೆನಿಸಲಿಲ್ಲ. ತಮ್ಮ ಹಿತವೊಂದೇ ಎಂಬುದನ್ನು ಅವರು ಒಡನೆಯೇ ಕಂಡರು. ಆಗ ಕನ್ನಡಿಗರ ಸ್ಥಿತಿ ಹೇಗಿದ್ದಿತು? ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿ ಮೂರು ವರ್ಷವಾಗಿತ್ತು, ಅಷ್ಟೇ. ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾಗಲು 1915 ಬರಬೇಕಾಯಿತು. ಮಂಗಳೂರು, ಮಡಿಕೇರಿ, ಮೈಸೂರು, ಧಾರವಾಡ, ಕಲಬುರ್ಗಿಗಳು ಒಂದೇ ರಾಜ್ಯವಾಗಲು 1956ರ ನವೆಂಬರು 1 ಬರಬೇಕಾಯಿತು. ಚಿಕ್ಕಮಗಳೂರಿನಲ್ಲಿ ಕೊಯ್ದು, ಘಟ್ಟವಿಳಿಸಿ, ಮಂಗಳೂರಿನಲ್ಲಿ ಹದಮಾಡಿ ಹಡಗಿಗೇರಿಸುತ್ತಿದ್ದ ಕಾಫಿಯ ಚೀಲಕ್ಕೆ ಕರ್ನಾಟಕವು ಒಂದೆಂಬುದು ನಮಗಿಂತ ಅರುವತ್ತು ವರ್ಷ ಮೊದಲೇ ಗೊತ್ತಿತ್ತು.

ಅಂದಿನ ಆ ಸಭೆಗೆ ದಂಡಿನ ಬೆಂಗಳೂರೇ ಸ್ಥಳವಾದುದು ಆಕಸ್ಮಿಕವಲ್ಲ. 1809ರಲ್ಲಿ ಹಲಸೂರಿನ ಬಳಿ ಸೈನ್ಯದ ಠಾಣ್ಯವಾಗಿ ಹುಟ್ಟಿದ ಈ ಭಾಗವನ್ನು 1881ರಲ್ಲಿ ಮೈಸೂರು ಮಹಾರಾಜರಿಗೆ ರಾಜ್ಯವನ್ನು ಹಿಂದಿರುಗಿಸುವಾಗ ಬ್ರಿಟಿಷರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಕೋಟೆಯ ಕಡೆಯ ಬೆಂಗಳೂರು ಮೈಸೂರಿನ ಆಳಿಕೆಗೆ, ಈ ಕಡೆಯ ಬೆಂಗಳೂರು ರೆಸಿಡೆಂಟನ ಆಳಿಕೆಗೆ! ತೋಟದ ದೊರೆಗಳ ಮಕ್ಕಳಿಗೆ ಶಾಲೆಗಳು ಇಲ್ಲಿ, ಕುದುರೆ ಜೂಜು ಇಲ್ಲಿ, ಕ್ಲಬ್ಬು ಇಲ್ಲಿ, ಆಸ್ಪತ್ರೆ ಇಲ್ಲಿ. 1864ರಲ್ಲಿ ಜೋಲಾರಪೇಟೆಯಿಂದ ಕೃಷ್ಣರಾಜಪುರದ ಮಾರ್ಗವಾಗಿ ರೈಲು ಬಂದ ಮೇಲೆ ಮದರಾಸಿನ ವರ್ತಕ ಕಂಪನಿಗಳು ಹತ್ತಿರವಾದುವು. ಪ್ಲಾಂಟರನ ಬಂಗಲೆಯಲ್ಲಿ ಅಡಿಗೆ ಮಾಡಿದವರು, ಕುದುರೆ ನೋಡಿಕೊಂಡವರು, ಗುಮಾಸ್ತಿಕೆ ಮಾಡಿದವರು ಎಷ್ಟೋ ಮಂದಿ ಶಿವಾಜಿನಗರ, ಹಲಸೂರುಗಳ ಓಣಿಗಳಿಂದ ಹೋದವರು. 1947ರ ಜುಲೈ ತಿಂಗಳಿನಲ್ಲಿ ಈ ಠಾಣ್ಯವು ಮೈಸೂರಿಗೆ ಮರಳಿತು. ಆದರೂ ದಂಡಿನವರು, ಪೇಟೆಯವರು ಎಂಬ ಭೇದವು ನಾಲಗೆಯಿಂದ ಹೋಗಲು ಇನ್ನೂ ಬಹುಕಾಲ ಹಿಡಿಯಿತು.

ತೋಟಗಾರರೆಲ್ಲ ಒಂದೇ ಅಚ್ಚಿನವರೆಂದು ಭಾವಿಸುವುದು ಅನ್ಯಾಯ. ಕೆಂಟ್ ಎಂಬ ತೋಟಗಾರನು ರೋಗಕ್ಕೆ ತಡೆದ ಗಿಡವನ್ನು ತನ್ನ ತೋಟದಲ್ಲಿ ಗುರುತಿಸಿ ಬೆಳಸಿದ ತಳಿಯು ಆತನ ಹೆಸರಿನಿಂದಲೇ ಪ್ರಸಿದ್ಧವಾಗಿ ಪೂರ್ವ ಆಫ್ರಿಕಕ್ಕೂ ಹೋಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರಕಾರದ ಕಾಫಿ ಪ್ರಯೋಗಶಾಲೆಯು ಆರಂಭವಾಯಿತು. ಅದರ ಪ್ರಯೋಜನವು ಎರಡೆಕರೆಯವನಿಗೂ ದೊರೆಯಿತು. ಕೊಡಗಿನ ಗುಂಡುಗುತ್ತಿಯ ಮಂಜುನಾಥಯ್ಯನವರು ಕಾಫಿ ತೋಟದ ಒಡೆಯರು; 1934ರಲ್ಲಿ ಗಾಂಧೀಜಿಯವರು ಹರಿಜನೋದ್ಧಾರದ ಸಂಚಾರದಲ್ಲಿ ಕೊಡಗಿಗೆ ಬಂದಾಗ ತಂಗಿದ್ದು ಅವರ ತೋಟದಲ್ಲಿ. ಆಗಲೇ ಕಥೆಗಾರ್ತಿ ಕೊಡಗಿನ ಗೌರಮ್ಮನವರು, ಮಹಾತ್ಮರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಹಿಡಿದು, ಅವರು ಬಂದಾಗ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಅವರ ಪತಿ ಅದೇ ತೋಟದಲ್ಲಿ ಕೆಲಸದಲ್ಲಿದ್ದರು. ಇನ್ನು ನಮ್ಮ ಕಾಲಕ್ಕೆ ಬಂದರೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರೂ ಕಾಫಿ ಬೆಳೆಗಾರರೇ.

ವಿಶ್ವವ್ಯಾಪಿಯಾದ ಬೆಲೆಕುಸಿತದ ದಿನಗಳಲ್ಲಿ ದೊಡ್ಡ ತೋಟಗಾರರೂ ಸಣ್ಣವರೂ ಒಟ್ಟಿಗೆ ತತ್ತರಿಸಿದರು. 1935ರಲ್ಲಿ ಕಾಫಿ ತೆರಿಗೆಯ ಕಾಯ್ದೆ, ಯುದ್ಧದ ನಡುವೆ 1942ರಲ್ಲಿ ಕಾಫಿ ಮಂಡಳಿಯ ಕಾಯ್ದೆ ಬಂದುವು. ಮಂಡಳಿಯ ಕೇಂದ್ರ ಕಛೇರಿಯು ಬೆಂಗಳೂರಿನಲ್ಲಿ ನೆಲಸಿತು. ಬೆಳೆದ ಕಾಫಿಯನ್ನೆಲ್ಲ ಒಂದೇ ರಾಶಿಗೆ ಸೇರಿಸಿ ಮಂಡಳಿಯೇ ಮಾರುವ ಆ ಏರ್ಪಾಡು 1990ರ ದಶಕದ ವರೆಗೆ ನಡೆಯಿತು. 1996ರಲ್ಲಿ ಬೆಳೆಗಾರನು ಪೂರ್ಣ ಸ್ವತಂತ್ರನಾದನು. ಮಂಡಳಿಯು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ನರ ಮುಂದಾಳ್ತನದಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ ಆಯಿತು. ಬಟ್ಟಲು ತೊಳೆಯುವವನೂ ಸಂಘದ ಸದಸ್ಯನಾಗಬಹುದೆಂಬುದನ್ನು ಅವರು ತೋರಿಸಿಕೊಟ್ಟರು. ಕಾಫಿ ಹಣ್ಣನ್ನು ಕೊಯ್ಯುವವನ ಪಾಲಿಗೆ ಅಂಥ ದಿನವು ಬರಲಿಲ್ಲ.

ಕೊಡಗಿನ ವಿಲೀನದ ಕಾಲದಲ್ಲಿ ನಡೆದುದನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. 1952ರ ಚುನಾವಣೆಯಲ್ಲಿ 24 ಸ್ಥಾನಗಳಲ್ಲಿ 15ನ್ನು ಗೆದ್ದು ಸಿ. ಎಂ. ಪೂಣಚ್ಚನವರ ಕಾಂಗ್ರೆಸ್ಸು ಅಧಿಕಾರಕ್ಕೆ ಬಂದಿತು. ವಿಲೀನವನ್ನು ಒಪ್ಪದ ತಕ್ಕಡಿ ಪಕ್ಷದ ಕಡೆಯವರು ಒಂಬತ್ತು ಸ್ಥಾನ ಗೆದ್ದರು. ಆ ವಿರೋಧವೆಲ್ಲ ತೋಟದ ಸಾಹುಕಾರರ ಸ್ವಾರ್ಥವೆಂದು ಹೇಳುವ ಅಭ್ಯಾಸವು ನಮ್ಮಲ್ಲಿ ಕೆಲವರಿಗಿದೆ. ಅದು ಸರಿಯಲ್ಲ. ವಿರೋಧದ ಮುಂದಾಳಾಗಿದ್ದ ಪಂದ್ಯಂಡ ಬೆಳ್ಳಿಯಪ್ಪನವರು ಕೊಡಗಿನ ಗಾಂಧಿಯೆಂದು ಜನರಿಂದ ಕರೆಯಿಸಿಕೊಂಡವರು. ಚಿಕ್ಕ ನಾಡೊಂದು ತನ್ನ ದನಿ ಅಡಗೀತೆಂದು ಅಂಜಿದ್ದರಲ್ಲಿ ಅಪರಾಧವೇನಿಲ್ಲ. ಆ ಅಂಜಿಕೆಯನ್ನು ಹೋಗಲಾಡಿಸುವ ಹೊಣೆಯು ದೊಡ್ಡ ಕರ್ನಾಟಕದ ಮೇಲೆ ಇದೆ.

ಈಗ ಕಾನೂನಿಗೆ ಬರೋಣ. ದೊರೆಗಳು ಹೋದರು, ತೋಟಗಳು ನಮ್ಮವರ ಕೈಗೆ ಬಂದುವು. 1951ರ ತೋಟ ಕಾರ್ಮಿಕರ ಕಾಯ್ದೆಯು ಮನೆ, ನೀರು, ಆಸ್ಪತ್ರೆ, ಮಕ್ಕಳ ಶಾಲೆ ಇವೆಲ್ಲವನ್ನೂ ಒದಗಿಸಬೇಕೆಂದು ಒಡೆಯನಿಗೆ ವಿಧಿಸಿತು. ಇತ್ತೀಚೆಗೆ ಅದನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಸದುದ್ದೇಶದ ಶಾಸನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಒಂದು ಸೂಕ್ಷ್ಮವಡಗಿದೆ. ಮನೆಯು ಕೆಲಸದ ಬಾಲಕ್ಕೆ ಕಟ್ಟಿದ್ದು. ಕೆಲಸವಿರುವಷ್ಟು ದಿನ ಲೈನ್‌ಮನೆ. ಮುಪ್ಪಿನಿಂದಲೋ ರೋಗದಿಂದಲೋ ಕೆಲಸ ಬಿಟ್ಟ ದಿನ ಬೀದಿ. ಇದಕ್ಕೆ ಪರಿಹಾರವಾಗಬಹುದಾಗಿದ್ದ ಕಲಮು ನಮ್ಮ 1961ರ ಭೂಸುಧಾರಣಾ ಕಾಯ್ದೆಯಲ್ಲಿಯೇ ಇದೆ. ಬೇರೆಯವರ ಜಮೀನಿನಲ್ಲಿರುವ ಮನೆಯಲ್ಲಿ ವಾಸಿಸುತ್ತ ಬಂದ ಬೇಸಾಯದ ಕೂಲಿಗಾರನಿಗೆ ಆ ಮನೆಯು ಸ್ವಂತವಾಗಬೇಕೆಂದು 38ನೆಯ ಕಲಮು ಹೇಳುತ್ತದೆ. ಅದೇ ಕಾಯ್ದೆಯ 104ನೆಯ ಕಲಮನ್ನು ತೆರೆದು ನೋಡಿರಿ: 38ನೆಯ ಕಲಮೂ, ಭೂಮಿತಿಯನ್ನು ವಿಧಿಸುವ 63ನೆಯ ಕಲಮಿನ ಬಹುಭಾಗವೂ ತೋಟಗಳಿಗೆ ಅನ್ವಯಿಸತಕ್ಕದ್ದಲ್ಲ! ತೋಟವೆಂದರೆ ಯಾವುದು? ಮುಖ್ಯವಾಗಿ ಕಾಫಿ, ಚಹ, ರಬ್ಬರು, ಏಲಕ್ಕಿ, ಮೆಣಸು ಮೊದಲಾದುವನ್ನು ಬೆಳೆಯುವ ಜಮೀನು. ಅಡಕೆಯವನು ಇಲ್ಲಿ ತೋಟಗಾರನಲ್ಲ, ಹಲಸೂರಿನ ತಿಗಳರವನು ಮೊದಲೇ ಅಲ್ಲ. ಗದ್ದೆಯ ಬದುವಿನ ಗುಡಿಸಲಿನಲ್ಲಿದ್ದ ಕೂಲಿಗಾರನಿಗೆ ಸಿಕ್ಕಬಹುದಾದ ಹಕ್ಕು, ಅದೇ ಊರಿನ ಕಾಫಿ ಬೇಲಿಯೊಳಗೆ ಇದ್ದವನಿಗೆ ಇಲ್ಲ.

ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಮೇಲ್ಪಟ್ಟವರು 25 ಎಕರೆಗಿಂತ ಕಡಿಮೆ ತೋಟವುಳ್ಳ ಸಣ್ಣವರೆಂಬುದು ಮಂಡಳಿಯ ಲೆಕ್ಕಗಳಿಂದ ಕಾಣುತ್ತದೆ. ಅಂಥ ಸಣ್ಣವನು ತನ್ನ ತೋಟದಂಚಿನ ಒಂದೆರಡು ಎಕರೆಯ ಮೇಲೆ ಒಕ್ಕಲೆಬ್ಬಿಸುವ ಭೀತಿಯಿಲ್ಲದೆ ಬದುಕಲಿ ಎಂಬುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಂಥವರ ಪಾಡೇನಾಯಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ 2022ರ ತಿದ್ದುಪಡಿಯ ಮಿತಿಯಿರುವುದು ಎರಡು ಎಕರೆಗಲ್ಲ, 25 ಎಕರೆಗೆ. ಕಾಯ್ದೆ ಮೀರಿ ಹಿಡಿದುಕೊಂಡ ಸರಕಾರಿ ಭೂಮಿಗೆ 30 ವರ್ಷಗಳ ಅಭಯ ಕೊಡುವ ಶಾಸನಸಭೆಗೆ, ಕಾಯ್ದೆಯನ್ನೆಂದೂ ಮೀರದೆ ಅದೇ ತೋಟದಲ್ಲಿ ಮೂರು ತಲೆ ದುಡಿದವನಿಗೆ ಮೂವತ್ತು ಅಡಿಯ ನಿವೇಶನ ಕೊಡಲು 104ನೆಯ ಕಲಮು ಅಡ್ಡಬಂದಿತೇ? 2016ರ ಡಿಸೆಂಬರಿನ ಚಳಿಯಲ್ಲಿ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕಿತ್ತು ಹಾಕಿದರು. ಅವರಲ್ಲಿ ಬಹುಮಂದಿ ಲೈನ್‌ಮನೆಗಳಿಂದ ಹೊರಬಂದವರೇ. ಅವರದೂ ಒತ್ತುವರಿಯೇ; ಅದಕ್ಕೆ ಬಂದ ಉತ್ತರ ಮಾತ್ರ ಯಂತ್ರ.

ನಮ್ಮ ಬೇಡಿಕೆಯು ಸರಳವಾಗಿದೆ. 104ನೆಯ ಕಲಮಿನಿಂದ 38 ಎಂಬ ಅಂಕೆಯನ್ನು ತೆಗೆದುಹಾಕಬೇಕು. ಒತ್ತುವರಿಯ ಗುತ್ತಿಗೆಗೆ ಅರ್ಜಿ ಹಾಕುವ ತೋಟಗಾರನು ತನ್ನ ಲೈನ್‌ಮನೆಗಳಲ್ಲಿ ಯಾರು, ಎಷ್ಟು ಕಾಲದಿಂದ ಇದ್ದಾರೆಂಬುದನ್ನು ಬರೆದುಕೊಡಬೇಕು. ಗುತ್ತಿಗೆಯ ಭೂಮಿಯಲ್ಲಿ ಮೊದಲ ಪಾಲು ಅವರ ನಿವೇಶನಗಳಿಗೆ ಬಿಡಬೇಕು. ಗುತ್ತಿಗೆ ಪಡೆದವರ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಬೇಕು. ಮಲೆನಾಡಿನ ಶಾಲೆಗಳಲ್ಲಿರುವ ನಮ್ಮ ಉಪಾಧ್ಯಾಯ ಮಿತ್ರರು ತಮ್ಮ ಹಾಜರಿ ಪುಸ್ತಕದಲ್ಲಿ ಲೈನ್‌ಮನೆಯ ವಿಳಾಸವುಳ್ಳ ಮಕ್ಕಳೆಷ್ಟೆಂದು ಎಣಿಸಿ ಬರೆದುಕಳುಹಿದರೆ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಕಛೇರಿಗೆ ಮುದುಕನೊಬ್ಬನು ಬಂದನು. ಮಗನು ಕೃಷ್ಣರಾಜಪುರದಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಅಪ್ಪನು ತೋಟದ ಕೆಲಸ ಮುಗಿಸಿ ಅವನಲ್ಲಿಗೆ ಬಂದು ಸೇರಿದ್ದಾನೆ. ಹುಟ್ಟಿದ್ದು ಲೈನ್‌ಮನೆಯಲ್ಲಿ, ಅಲ್ಲಿಯೇ ಮದುವೆ, ಅಲ್ಲಿಯೇ ಹೆಂಡತಿಯ ಮರಣ. ‘ನಾನು ಅಲ್ಲಿ ಇದ್ದೆ ಅನ್ನೋದಕ್ಕೆ ಒಂದು ಕಾಗದ ಮಾಡಿಸಿಕೊಡಿ ಸ್ವಾಮಿ’ ಎಂದನು. ತೋಟದವರಿಗೆ ಎರಡು ಸಲ ಬರೆದೆವು. ಹಳೆಯ ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದಿದೆಯೆಂದು ಉತ್ತರ ಬಂದಿತು. ಮೂರನೆಯ ಪತ್ರವನ್ನು ಈ ವಾರ ಹಾಕಿದ್ದೇವೆ.